ಬಾಗಿಲ ಹೊರಗೆ ನಿಂತ ಹುಡುಗಿ

ನಮ್ಮ ಶಾಲೆಯಲ್ಲಿ ಕನ್ನಡ ಪೀರಿಯಡ್ಡು ಎಂದರೆ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿ. ಇರಲೇಬೇಕು, ಆದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಇಂಗ್ಲಿಷ್ ಮೀಡಿಯಂ ಶಾಲೆ ಅದು. ಮನೆಯಲ್ಲಿ ತಮಿಳು, ಉರ್ದು, ತೆಲುಗು ಆಡುವ ಮಕ್ಕಳಿಗೆ ಆರನೇ ಕ್ಲಾಸಿನಲ್ಲಿ ಕನ್ನಡ ಓದಲು ಕಲಿಸುವುದು ನನ್ನ ಕೆಲಸ. ಕೆಲಸ ನನಗೆ ಇಷ್ಟ. ಮೈ ಉರಿಸುವುದು ಅಲ್ಲಿನ ಪದ್ಧತಿ.

ಪದ್ಧತಿ ಹೀಗಿದೆ. ಪಾಠ ಕಥೆಯಾಗಿದ್ದರೆ ಮೊದಲು ಬೋರ್ಡಿನ ಮೇಲೆ ಕಥೆಯ ನೀತಿ ಬರೆಯಬೇಕು. ಮಕ್ಕಳು ಅದನ್ನು ಇಳಿಸಿಕೊಂಡ ಮೇಲೆ ಪ್ರಶ್ನೋತ್ತರ ಬರೆಸಬೇಕು. ಆಮೇಲೂ ಸಮಯ ಉಳಿದರೆ ಕಥೆ ಓದಿಸಬಹುದು. ತಮಾಷೆಗೆ ಹೇಳುತ್ತಿಲ್ಲ, ನಮ್ಮ ಕೋ-ಆರ್ಡಿನೇಟರ್ ಮೇಡಮ್ಮೇ ಹೀಗೆ ಹೇಳಿಕೊಟ್ಟಿದ್ದು. ಹಾಗಾಗಿ ನಮ್ಮ ಮಕ್ಕಳು 'ಪ್ರಾಮಾಣಿಕತೆ' ಎಂಬ ಉದ್ದದ ಪದವನ್ನು ಒಂದು ದೀರ್ಘವೂ ತಪ್ಪದೆ ಬರೆಯುತ್ತಾರೆ. ಅದೇ ಪುಟದ ಒಂದು ಸಾಲು ಓದು ಎಂದರೆ ಪಕ್ಕದವರ ಮುಖ ನೋಡುತ್ತಾರೆ.

ಪ್ರಾಮಾಣಿಕತೆಯ ಕಥೆ ನಮ್ಮ ವರ್ಕ್‌ಬುಕ್ಕಿನಲ್ಲಿ ಒಂದೂವರೆ ಪುಟ ಇದೆ. ಒಬ್ಬ ಹುಡುಗ ಕ್ಲಾಸಿನ ಗ್ಲೋಬನ್ನು ಬೀಳಿಸಿ ಒಡೆಯುತ್ತಾನೆ. ಅವತ್ತು ಕ್ಲಾಸಿನ ಬೀಗ ತೆಗೆದವಳು ಒಬ್ಬ ಹುಡುಗಿಯಾದ್ದರಿಂದ ಮೇಷ್ಟ್ರು ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಹುಡುಗನ ಗೆಳೆಯ, ನೀನೇ ಒಡೆದದ್ದನ್ನು ನಾನು ನೋಡಿದೆ, ಮೇಷ್ಟ್ರಿಗೆ ಹೇಳುತ್ತೇನೆ ಎನ್ನುತ್ತಾನೆ. ಆಗ ಹುಡುಗ ಎದ್ದು ತಪ್ಪೊಪ್ಪಿಕೊಳ್ಳುತ್ತಾನೆ. ಮೇಷ್ಟ್ರು ಬೆನ್ನು ತಟ್ಟುತ್ತಾರೆ, ಕ್ಲಾಸೆಲ್ಲ ಚಪ್ಪಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ, ಕೆಳಗೆ ದಪ್ಪಕ್ಷರದಲ್ಲಿ ನೀತಿ.

ಒಂದು ವರ್ಷ ನಾನು ಪದ್ಧತಿಯನ್ನು ಬದಿಗಿಟ್ಟೆ. ಮಕ್ಕಳ ಕೈಯಲ್ಲೇ ನೀತಿಯ ಮೇಲೆ ಕಾಗದ ಅಂಟಿಸಿದೆ. ಬೋರ್ಡಿನ ಮೇಲೆ ಏನೂ ಬರೆಯದೆ, ಒಬ್ಬೊಬ್ಬರಿಂದ ಎರಡೆರಡು ಸಾಲು ಓದಿಸುತ್ತ ಒಂದು ವಾರ ಕಳೆದೆ. ಟೆಸ್ಟಿನಲ್ಲಿ ಕಥೆಯಲ್ಲಿ ಕಂಡದ್ದನ್ನು, ನಿಮಗೆ ಅನಿಸಿದ್ದನ್ನೇ ಬರೆಯಿರಿ, ಅದಕ್ಕೆ ನಾನು ಮಾರ್ಕ್ಸ್ ಕಳೆಯುವುದಿಲ್ಲ ಎಂದು ಮಾತು ಕೊಟ್ಟೆ.

ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಮನೆಮಾತು ತಮಿಳು, ತಾಯಿ ಬೈಯಪ್ಪನಹಳ್ಳಿಯ ಬಾಡಿಗೆ ರೂಮಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಜೂನ್‌ನಲ್ಲಿ ಅವಳಿಗೆ ಒತ್ತಕ್ಷರ ಬಂದರೆ ದಾರಿಗೆ ಬಂಡೆ ಅಡ್ಡ ಬಂದ ಹಾಗೆ, ನಿಂತೇಬಿಡುತ್ತಿದ್ದಳು. ಬೆರಳಿಟ್ಟು, ತುಟಿ ಅಲ್ಲಾಡಿಸಿ, ಬಿದ್ದು ಎದ್ದು ಓದುತ್ತಿದ್ದವಳು ಯಾರ ಸಹಾಯವೂ ಇಲ್ಲದೆ ಕೊನೆಯವರೆಗೆ ಓದಿದ ಮೊದಲ ಕಥೆ ಇದೇ.

ಹುಡುಗನ ಯಾವ ಗುಣ ನಿಮಗೆ ಇಷ್ಟವಾಯಿತು ಎಂಬ ಪ್ರಶ್ನೆಗೆ ಉಳಿದವರು ಅಭ್ಯಾಸಬಲದಿಂದ 'ಪ್ರಾಮಾಣಿಕತೆ' ಎಂದೇ ಬರೆದಿದ್ದರು. ಅವಳು ಬರೆದದ್ದು ನನಗೆ ಇವತ್ತಿಗೂ ಬಾಯಿಪಾಠ. 'ಹುಡುಗ ನನಗೆ ಇಷ್ಟ ಆಗಲಿಲ್ಲ. ಗೆಳೆಯ ಹೇಳುತ್ತೇನೆ ಅಂದ ಮೇಲೆ ಹೇಳಿದ. ಎಲ್ಲರೂ ಚಪ್ಪಾಳೆ ಹೊಡೆದರು. ಹುಡುಗಿಯನ್ನು ಒಳಗೆ ಕರೆಯಲಿಲ್ಲ.' ಕಾಗುಣಿತದ ತಪ್ಪುಗಳಿದ್ದವು. ಓದಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಪೂರ್ತಿ ಮಾರ್ಕ್ಸ್ ಹಾಕಿ ಪಕ್ಕದಲ್ಲಿ 'ಭೇಷ್' ಎಂದು ಬರೆದೆ. ನನಗಾದ ಸಂತೋಷಕ್ಕೆ ಅವತ್ತು ಮನೆಗೆ ಮೈಸೂರ್ ಪಾಕ್ ಒಯ್ದೆ.

ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಓಪನ್ ಡೇ ದಿನ ತಂದೆತಾಯಿ ನೋಡಲೆಂದು ಟೆಸ್ಟ್ ಪೇಪರುಗಳನ್ನು ಟೇಬಲ್ಲಿನ ಮೇಲೆ ಜೋಡಿಸಿಡುತ್ತೇವೆ. ಅದಕ್ಕೆ ಮೊದಲು ಕೋ-ಆರ್ಡಿನೇಟರ್ ಮೇಡಮ್ ಎಲ್ಲವನ್ನೂ ತಿರುವಿ ಹಾಕುತ್ತಾರೆ. ನನ್ನನ್ನು ಕರೆದು, ಕೀ ಆನ್ಸರ್ 'ಪ್ರಾಮಾಣಿಕತೆ' ಎಂದಿರುವಾಗ ಇದಕ್ಕೆ ಮಾರ್ಕ್ಸ್ ಹೇಗೆ ಕೊಟ್ಟಿರಿ ಎಂದರು. ನನ್ನೆದುರಿಗೇ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದರು. ಅಷ್ಟಕ್ಕೇ ಬಿಟ್ಟಿದ್ದರೂ ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆನೇನೋ. ಹುಡುಗಿಯಿಂದ ಹೊಸ ಹಾಳೆಯಲ್ಲಿ ಸರಿ ಉತ್ತರ ಬರೆಸಿ ಇದರ ಜಾಗದಲ್ಲಿಡಿ ಎಂದರು.

ಓದಿ ಅನಿಸಿದ್ದನ್ನು ಬರೆದ ಮಗುವಿನಿಂದ, ಅನಿಸದ್ದನ್ನು ಬರೆಸಬೇಕು. ಅದೂ ಪ್ರಾಮಾಣಿಕತೆಯ ಪಾಠಕ್ಕೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುವುದನ್ನು ಗಾದೆ ಎಂದುಕೊಂಡಿದ್ದೆ, ನಮ್ಮ ಶಾಲೆಯ ಟೈಮ್‌ಟೇಬಲ್ಲೇ ಅದು. ನೀವು ಕಥೆ ಓದಿದ್ದೀರಾ ಎಂದು ಕೇಳಿದೆ.

"ನೀತಿ ಗೊತ್ತಲ್ಲ ಮೇಡಮ್, ಕಥೆ ಯಾಕೆ ಓದ್ಬೇಕು?" ಎಂದರು.

ನಾನು ಬರೆಸುವುದಿಲ್ಲ ಎಂದೆ. ಅವರು ಹುಡುಗಿಯನ್ನು ಕ್ಲಾಸಿನಿಂದ ಕರೆಸಿ, ಅವಳ ತಾಯಿಯನ್ನೂ ಬರಹೇಳಿದರು. ಹೊಲಿಗೆ ಬಿಟ್ಟು ಓಡಿಬಂದಿದ್ದ ಆ ತಾಯಿಯ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮಗಳು ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದಾಳೋ ಎಂಬಂತೆ ಗಾಬರಿಯಾಗಿದ್ದರು. ಒಂದೇ ಒಂದು ಪದ ಬರೆದರೆ ಸಾಕು ಎಂದು ಮೇಡಮ್ ತಿಳಿಸಿದ ತಕ್ಷಣ ಅವರಿಗೆ ಹೋದ ಜೀವ ಬಂತು. ಬರೆದುಕೊಟ್ಟುಬಿಡು ಕಣ್ಣು ಎಂದು, ತಮಿಳರು ಮಕ್ಕಳನ್ನು ಮುದ್ದಿಗೆ ಕರೆಯುವ ಹಾಗೆ ಕರೆದು, ಮಗಳ ಕೈಗೆ ಪೆನ್ನು ಕೊಟ್ಟರು.

ಹುಡುಗಿ ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದಳು.

"ಮಿಸ್, ಅನ್ಸಿದ್ದೇ ಬರೀರಿ ಅಂತ ನೀವೇ ಹೇಳಿದ್ರಲ್ಲ."

ಹೇಳಿದ್ದು ನಾನೇ. ಇವತ್ತು ಇವಳು ಆ ಪದ ಬರೆದರೆ ಇನ್ನು ಮುಂದೆ ಯಾವ ಕಥೆಯನ್ನೂ ಬೆರಳಿಟ್ಟು ಓದುವುದಿಲ್ಲ, ನೇರವಾಗಿ ನೀತಿಗೆ ಹೋಗುತ್ತಾಳೆ. ತಾಯಿಗೆ, ಮೊದಲು ಕಥೆ ಕೇಳಿ, ಆಮೇಲೆ ನಿಮ್ಮಿಷ್ಟ ಎಂದೆ. ಅರ್ಧ ಕನ್ನಡ, ಅರ್ಧ ಹಲಸೂರಿನ ಬೀದಿಯಲ್ಲಿ ಕಲಿತ ನನ್ನ ಹರಕುಮುರುಕು ತಮಿಳಿನಲ್ಲಿ ಇದ್ದದ್ದು ಇದ್ದಹಾಗೆ ಹೇಳಿದೆ. ಮಗಳು ಏನು ಬರೆದಿದ್ದಾಳೆ ಎಂಬುದನ್ನು ಬಾಯಿಬಿಡಲಿಲ್ಲ. ಚಪ್ಪಾಳೆಯವರೆಗೆ ಹೇಳಿ ನಿಲ್ಲಿಸಿದೆ. ತಾಯಿ ಕಾದರು. ಮುಗಿಯಿತು ಎಂದೆ.

"ಅದೆಂಗೆ ಮುಗಿಯುತ್ತೆ ಮೇಡಮ್? ಹೊರಗೆ ನಿಂತಿದ್ಯಲ್ಲ ಆ ಹೆಣ್ಮಗು, ಅದನ್ನ ಯಾರೂ ಒಳಗೆ ಕರೀಲೇ ಇಲ್ವಾ?"

ಹುಡುಗಿ ತಲೆಯೆತ್ತಿ ಅಮ್ಮನ ಮುಖ ನೋಡಿದಳು. ಕೋ-ಆರ್ಡಿನೇಟರ್ ಮೇಡಮ್ ವರ್ಕ್‌ಬುಕ್ ಎಳೆದುಕೊಂಡರು. ಒಂದೂವರೆ ಪುಟದ ಮೇಲೆ ಅವರ ಬೆರಳು ಸಾಲುಸಾಲಾಗಿ ಇಳಿಯಿತು. ಅವರು ಆ ಕಥೆ ಓದಿದ್ದು ಆಗಲೇ. ಕೊನೆಗೆ ಪುಸ್ತಕ ಮುಚ್ಚಿ, ಕರೆದಿರುತ್ತಾರೆ, ಬರೆದಿಲ್ಲ ಅಷ್ಟೇ ಎಂದರು.

ತಾಯಿ ಮಗಳ ಕೈಯಿಂದ ಪೆನ್ನು ತೆಗೆದು ಟೇಬಲ್ಲಿನ ಮೇಲಿಟ್ಟರು. ಜೋರು ಮಾತೇನೂ ಆಡಲಿಲ್ಲ. ಬಾ ಕಣ್ಣು, ಕ್ಲಾಸಿಗೆ ಹೋಗು ಎಂದು ಕೈಹಿಡಿದು ಹೊರಗೆ ಕರೆದೊಯ್ದರು.

ಸೊನ್ನೆಯನ್ನು ಯಾರೂ ಅಳಿಸಲಿಲ್ಲ. ಓಪನ್ ಡೇ ಬೆಳಿಗ್ಗೆ ನೋಡಿದರೆ 'ಪ್ರಾಮಾಣಿಕತೆ' ಎಂದು ಬರೆದ ಪೇಪರುಗಳೆಲ್ಲ ಟೇಬಲ್ಲಿನ ಮೇಲೆ ಸಾಲಾಗಿ ಕೂತಿದ್ದವು. ಅವಳದೊಂದು ಮಾತ್ರ ಇರಲಿಲ್ಲ. ಹುಡುಕಿದಾಗ ಸ್ಟಾಫ್ ರೂಮಿನ ಬೀರುವಿನಲ್ಲಿ ಹಳೆಯ ಚಾರ್ಟುಗಳ ಅಡಿ ಸಿಕ್ಕಿತು. ತಂದು ಸಾಲಿನ ನಟ್ಟನಡುವೆ ಇಟ್ಟೆ, ನನ್ನ ಭೇಷ್ ಅವರ ಸೊನ್ನೆ ಎರಡೂ ಕಾಣುವ ಹಾಗೆ. ಮೇಡಮ್ ದೂರದಿಂದ ಕೆಂಗಣ್ಣು ಬಿಟ್ಟರು. ಬಿಡಲಿ. ಒಳಗೆ ಕರೆಯುವವರು ಯಾರಾದರೂ ಬೇಕಲ್ಲ.