ಬಾಲ್ಕನಿ ಇರುವ ನನ್ನ ಮನೆ

ಕಣ್ಣಿನ ಚಿಕಿತ್ಸೆಗೆ ಮುಂಬಯಿಗೆ ಬರುತ್ತೇನೆ ಎಂದ ಅಕ್ಕನಿಗೆ ನಾನು ಒಂದು ಚಾಪೆ ಹಾಸುವಷ್ಟು ಜಾಗ ಹುಡುಕಿಕೊಡಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕರಾವಳಿಯ ನಮ್ಮೂರು ಕಿರಿಮಂಜೇಶ್ವರದಿಂದ ನಾನು ಇಲ್ಲಿಗೆ ಬಂದದ್ದು ತೊಂಬತ್ತೇಳರಲ್ಲಿ. ಮನೆ ದಲಾಲಿಯೊಬ್ಬರ ಬಳಿ ಗಿರಾಕಿಗಳಿಗೆ ಫ್ಲ್ಯಾಟ್ ತೋರಿಸುವ ಕೆಲಸ ಸಿಕ್ಕಿತು. ಮೊದಲ ದಿನ ಯಜಮಾನರು ಕಿಟಕಿ ತೆರೆದು "ಸೀ ವ್ಯೂ" ಎಂದರು. ಕಟ್ಟಡಗಳ ಸಂದಿಯಲ್ಲಿ ಪಂಚೆಯ ಅಂಚಿನಷ್ಟು ನೀರು. ಅದು ಕಾಣುತ್ತದೆಂದು ಬೆಲೆ ಹೆಚ್ಚಂತೆ! ಊರಲ್ಲಿ ನಮ್ಮ ಮನೆ ಕಡಲಿಗೆ ಬೆನ್ನು ಹಾಕಿ ನಿಂತಿತ್ತು. ಉಪ್ಪುಗಾಳಿಗೆ ಹೆದರಿ ಆ ಕಡೆ ಕಿಟಕಿಯನ್ನೇ ಇಟ್ಟಿರಲಿಲ್ಲ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇಂಗ್ಲಿಷನ್ನು ಖಾಲಿ ಮನೆಗಳಲ್ಲಿ ನಡೆದಾಡಿ ಕಲಿತೆ. ಕಾರ್ಪೆಟ್ ಏರಿಯಾ ಎಂದರೆ ಗೋಡೆ ಕಳೆದು ಕಾಲಿಡಲು ಉಳಿಯುವ ಜಾಗ. ಯಜಮಾನರು ಕಲಿಸಿದ ವಾಕ್ಯ ಒಂದೇ: "ದೇರ್ ಈಸ್" ಎಂದು ಶುರುಮಾಡು, ಮುಂದೆ ಬೇಕಾದ್ದು ಸೇರಿಸು. ದೇರ್ ಈಸ್ ಎ ಬಾಲ್ಕನಿ. ದೇರ್ ಈಸ್ ಎ ಸ್ಟೋರ್ ರೂಮ್. ಊರಲ್ಲಾದರೆ ಯಾರ ಮನೆ ಎಂಬುದೇ ಮೊದಲ ಮಾತು. ಇಲ್ಲಿ ಜನರ ಹೆಸರಿಲ್ಲದೆ ಮನೆ ನಿಲ್ಲುತ್ತಿತ್ತು.

ಹಗಲೆಲ್ಲ ಇಂಥ ಮನೆ ತೋರಿಸಿ ನಾನು ಮರಳುತ್ತಿದ್ದದ್ದು ಊರಿನ ಗಂಡಸರು ಸರದಿಯಲ್ಲಿ ಮಲಗುವ ಒಂದು ಕೋಣೆಗೆ. ಆದರೆ ನನ್ನ ಅಕ್ಕ, ಗಿರಿಜಕ್ಕ, ಊರಿನ ಬೂತಿನಿಂದ ಆಫೀಸಿಗೆ ಫೋನ್ ಮಾಡಿ "ಮನೆ ಹ್ಯಾಂಗಿತ್ತಾ ತಮ್ಮಾ?" ಎಂದಾಗ ಬಾಯಿಗೆ ಬಂದದ್ದು ಆ ದಿನ ತೋರಿಸಿದ ಫ್ಲ್ಯಾಟು.

"ಹಾಲ್ ಇತ್ತ್, ಬಾಲ್ಕನಿ ಇತ್ತ್." ನಮ್ಮ ಮಾತಿನಲ್ಲಿ "ಇತ್ತ್" ಎಂದರೆ ಇದೆ ಎಂದೇ ಅರ್ಥ.

"ಬಾಲ್ಕನಿ ಅಂದ್ರೆ ಎಂತದಾ?"

"ಗಾಳಿಗೆ ಕೂಕಂಬ ಜಾಗ."

"ಜಗ್ಲಿ ಅನ್ನ್ ಮಾರಾಯ!" ಎಂದು ನಕ್ಕಳು. ತನ್ನ ಜೊತೆ ಮೀನು ಮಾರುವ ಹೆಂಗಸರಿಗೆಲ್ಲ ತಮ್ಮನ ಬಾಲ್ಕನಿಯ ಸುದ್ದಿ ಹೇಳಿದಳಂತೆ.

ಮರುವರ್ಷ ಅವಳ ಎಡಗಣ್ಣು ಮಸುಕಾಯಿತು. ಇದರ ಚಿಕಿತ್ಸೆ ಈ ಕಡೆ ಇಲ್ಲ, ತಡಮಾಡದೆ ಮುಂಬಯಿಗೆ ಹೋಗಿ ಎಂದರು ಊರಿನ ಡಾಕ್ಟರು. ತಮ್ಮನ ಮನೆಯಲ್ಲಿ ಉಳಿಯಲು ನಮ್ಮಲ್ಲಿ ಯಾರೂ ಅಪ್ಪಣೆ ಕೇಳುವುದಿಲ್ಲ. "ನಾಡಿದ್ದ್ ಬಸ್ಸಿಗೆ ಬತ್ತೆ" ಎಂದಳು, ಅಷ್ಟೇ.

"ಮನೆಗೆ ಪೇಂಟ್ ಹೊಡಿತಿದ್ರ್ ಅಕ್ಕ, ಸ್ವಲ್ಪ ತಡಿ" ಎಂದೆ.

ನಮ್ಮ ಕೋಣೆಯ ಹಿಂದಿನ ಗಲ್ಲಿಯಲ್ಲಿ ಊರಿನವರದೇ ಒಂದು ಸಂಸಾರವಿತ್ತು. ಆಸ್ಪತ್ರೆಗೆ ಬರುವ ನಮ್ಮ ಕಡೆಯ ಹೆಂಗಸರು ಅಲ್ಲೇ ಉಳಿಯುತ್ತಿದ್ದರು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದರೆ ನನ್ನ ಬಾಲ್ಕನಿ ಸುಳ್ಳೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಮತ್ತೊಮ್ಮೆ ಫೋನ್ ಬಂದಾಗಲೂ ನನ್ನ ಪೇಂಟ್ ಒಣಗಿರಲಿಲ್ಲ. ಆಮೇಲೆ ಅವಳು ಕೇಳಲಿಲ್ಲ. ಆ ಕಣ್ಣು ಹೋಯಿತು.

ಈಗ ನನಗೆ ನಿಜಕ್ಕೂ ಒಂದು ಮನೆಯಿದೆ, ಸಂಸಾರವಿದೆ. ಇಲ್ಲಿದ್ದಾಗ ಊರಿಗೆ ಹೋಗಬೇಕು ಎನ್ನುತ್ತೇನೆ. ಅಲ್ಲಿ ತಲುಪಿದ ಮರುದಿನವೇ ಮನೆಗೆ ಹೊರಡಬೇಕು ಎನ್ನುತ್ತೇನೆ.

ಈ ಸಲ ಹೋದಾಗ ಗಿರಿಜಕ್ಕ ಜಗಲಿಯಲ್ಲಿ ಕೂತು, ಬಲಗಣ್ಣು ಹತ್ತಿರವಾಗುವಂತೆ ಕತ್ತು ಹೊರಳಿಸಿ ಬಂಗುಡೆ ಮೀನು ಸೀಳುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ಹ್ವಾಯ್, ಈಗಾದ್ರೂ ಪೇಂಟ್ ಒಣಗ್ತಾ?"

ಆ ಕೋಣೆಯ ವಿಷಯ ಹೇಳಿದೆ. ಬಾಗಿಲ ಪಕ್ಕದ ನನ್ನ ಚಾಪೆ, ಗೋಡೆಯ ಮೊಳೆಗೆ ತೂಗುವ ಚೀಲಗಳು, ಇನ್ನೊಬ್ಬ ಎದ್ದ ಮೇಲೆ ಸಿಗುತ್ತಿದ್ದ ನಿದ್ದೆ.

ಅವಳ ಕೈ ನಿಂತಿತು. "ಬಾಲ್ಕನಿ?"

"ಕಿಟ್ಕಿಯೂ ಇರ್ಲಿಲ್ಲ."

ಕತ್ತಿ ಕೆಳಗಿಟ್ಟಳು. "ಜಾಗ ಇಲ್ದೆ ಅಲ್ಲ, ನಾನೇ ನಿಂಗೆ ಬ್ಯಾಡ ಆದೆ ಅಂದ್ಕಂಡಿದ್ದೆ" ಎಂದಳು.

"ಜಾಗ ಇಲ್ಲ ಅಂಬುಕೆ ನಾಚ್ಕಿ ಆಯ್ತ್, ಅದ್ಕೆ ಸುಳ್ಳ್ ಹೇಳ್ದೆ. ನಿನ್ ಕಣ್ಣ್ ಹೋದ್ದ್ ನನ್ನಿಂದ. ತಪ್ಪಾಯ್ತ್ ಅಕ್ಕ."