ಇಬ್ರಾದಲ್ಲಿ ಬಿಸಿಲು

ಮಸ್ಕತ್ತಿನಲ್ಲಿ ಚಳಿಗಾಲದ ಮೋಡ ಕವಿದರೆ ನಮ್ಮ ಕನ್ನಡದವರು ಹವಾಮಾನ ವರದಿಯನ್ನು ನೋಡುತ್ತಿರಲಿಲ್ಲ. ಹೋಗಬೇಕಾದ ಊರಿನವರಿಗೆ ಫೋನ್ ಮಾಡುತ್ತಿದ್ದರು. ಅವರು ಬನ್ನಿ ಎಂದರೆ ಕಾರು ಹೊರಡುತ್ತಿತ್ತು. ನನ್ನ ಗಂಡ ಇಂಜಿನಿಯರು. ಅವರದ್ದೂ ಇದೇ ಪದ್ಧತಿ.

ಆ ದಿನ ಮಸ್ಕತ್ತಿನಿಂದ ಎರಡು ಗಂಟೆ ದಾರಿಯ ಇಬ್ರಾದಲ್ಲಿ ಸೀಮಂತ. ಹಿಂದೆ ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲಾಟಿನಲ್ಲಿದ್ದ ಮೈಸೂರಿನ ಹುಡುಗಿ, ಚೊಚ್ಚಲ ಬಸುರಿ. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಮಡಿಲು ತುಂಬಲು ನಾನೇ ಬರಬೇಕೆಂದು ದಿನಾ ಗೋಗರೆಯುತ್ತಿದ್ದಳು. ನಾನು ಹೋಗದಿದ್ದರೆ ಸೀಮಂತವೇ ಇಲ್ಲ.

ಬೆಳಿಗ್ಗೆ ಆಕಾಶ ಕಪ್ಪಿಟ್ಟಿತ್ತು. ಗಂಡ ಅವಳಿಗೇ ಫೋನ್ ಹಚ್ಚಿ, "ಅಲ್ಲಿ ಮಳೆ ಇದ್ಯಾ?" ಎಂದರು.

"ಒಂದು ಹನೀನೂ ಇಲ್ಲ ಭಾವ. ಬಿಸಿಲು."

ಸರಿ, ಪುಳಿಯೋಗರೆ, ಕೋಡುಬಳೆ, ಹಸಿರು ಬಳೆ ಎಲ್ಲ ಹೇರಿಕೊಂಡು ಹೊರಟೆವು. ಇಬ್ರಾ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ರಸ್ತೆ ಮಾಯವಾಯಿತು. ಬೇರೆ ದಿನ ಬರೀ ಕಲ್ಲು ಕಾಣುವ ವಾದಿಯಲ್ಲಿ, ರಸ್ತೆಗೆ ಅಡ್ಡ ಹಾಯುವ ಆ ಒಣಹಳ್ಳದಲ್ಲಿ, ಕೆಂಪು ನೀರು ಭೋರ್ಗರೆಯುತ್ತಿತ್ತು. ಒಮಾನಿಗಳು ದಡದಲ್ಲಿ ಗಾಡಿ ನಿಲ್ಲಿಸಿ, ಚಾಪೆ ಹಾಸಿ, ಆರಾಮವಾಗಿ ಕಾಫಿ ಕುಡಿಯುತ್ತಿದ್ದರು.

ನಮ್ಮ ಯಜಮಾನರು ಮಾತ್ರ ಗೇರ್ ಹಾಕಿದರು. "ಅಲ್ಲಿ ಬಿಸಿಲು ಅಂದ್ಲಲ್ಲ, ನೀರು ಇಳೀತಿರತ್ತೆ. ನಿಧಾನಕ್ಕೆ ದಾಟಿಬಿಡೋಣ್ವಾ?"

"ನೀವೊಬ್ರೇ ಇಳಿದು ಈಜ್ಕೊಂಡು ಹೋಗಿ. ನಾನು, ಕಾರು, ಪುಳಿಯೋಗರೆ ಇಲ್ಲೇ ಇರ್ತೀವಿ," ಎಂದೆ.

ಮುಖ ಊದಿಸಿಕೊಂಡು ಕೋಡುಬಳೆ ಡಬ್ಬಿಗೆ ಕೈಹಾಕಿದರು. ಅದು ಬಸುರಿಗೆಂದು ಮಾಡಿದ್ದು, ಮುಟ್ಟಿದರೆ ಜೋಕೆ ಎಂದೆ. ಪಾಪ, ಹೋಗಿ ಚಾಪೆಯವರ ಜೊತೆ ಖರ್ಜೂರ ತಿಂದರು.

ನೀರು ಇಳಿದು, ಒಮಾನಿಗಳ ಹಿಂದೆ ನಾವೂ ದಾಟಿ, ಇಬ್ರಾ ಮುಟ್ಟುವಾಗ ಸಂಜೆಯಾಗಿತ್ತು. ಅವಳ ಮನೆಯಂಗಳ ಕೆರೆಯಾಗಿತ್ತು. ಗೋಡೆಯ ಮೇಲೆ ಹರವಿದ್ದ ರತ್ನಗಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಿನ್ನೆಯಿಂದ ಒಂದೇ ಸಮ ಸುರಿದಿದೆ ಎಂದು ಅವಳ ಗಂಡ ಬಾಯಿಬಿಟ್ಟ. ಸೀಮಂತಕ್ಕೆ ಕರೆದವಳನ್ನೇ ಮಳೆ ಇದೆಯಾ ಎಂದು ಕೇಳಿದ ನಮ್ಮ ಬುದ್ಧಿಗೆ ಏನು ಹೇಳುವುದು!

ನನಗೆ ಉರಿದುಹೋಯಿತು. "ತಲೆ ನೆಟ್ಟಗಿದೆಯೇನೆ ನಿಂಗೆ? ನಾವು ಕೊಚ್ಚಿಕೊಂಡು ಹೋಗಿದ್ರೆ? ನಿಜ ಹೇಳಕ್ಕೆ ಏನಾಗಿತ್ತು?"

"ಹೇಳಿದ್ರೆ ನೀವು ಬರ್ತಿರ್ಲಿಲ್ಲ."

ಹಸಿರು ಸೀರೆಯುಟ್ಟು ಬಾಗಿಲಲ್ಲೇ ನಿಂತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಕಣ್ಣು ತುಂಬಿಕೊಂಡು, "ಇನ್ನೂ ಬೈಯ್ರಿ ಅಕ್ಕ," ಎಂದಳು. "ಈ ಊರಲ್ಲಿ ನನ್ನ ಬೈಯೋರೂ ಯಾರಿಲ್ಲ."

ಅವಳನ್ನು ಮಣೆಯ ಮೇಲೆ ಕೂರಿಸಿದೆ. ಒಂದೊಂದೇ ಬಳೆ ತೊಡಿಸುತ್ತ, ಎರಡೂ ಕೈ ತುಂಬುವವರೆಗೆ ಬೈದೆ.