ಅಂಚಿನ ಅಕ್ಕನ ಲಾಳಿ

ಟ್ರಂಕು ತೆರೆದರೆ ಹಳೆಯ ಹರಳೆಣ್ಣೆಯ ವಾಸನೆ. ತಿಂಗಳ ಮೊದಲ ಭಾನುವಾರ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವುದು ನನ್ನ ಕೆಲಸ, ಇದುವರೆಗೆ ತಪ್ಪಿಸಿಲ್ಲ. ತಳದಲ್ಲಿ ಪಂಚೆಯ ತುಂಡಿನ ಒಂದು ಗಂಟಿದೆ. ಅದನ್ನು ನಾನು ಬಿಚ್ಚುವುದಿಲ್ಲ, ಹಾಗೆಯೇ ಬಿಸಿಲಿಗಿಟ್ಟು ಹಾಗೆಯೇ ಒಳಗಿಡುತ್ತೇನೆ. ಈ ಸಲ ಮೊಮ್ಮಗಳು ಬಿಚ್ಚಿಬಿಟ್ಟಳು. ಒಳಗಿದ್ದದ್ದು ಮಗ್ಗದ ಒಂದು ಲಾಳಿ. ಅದರ ಹೊಟ್ಟೆಯಲ್ಲಿ ಬದನೆ ಬಣ್ಣದ ರೇಷ್ಮೆ ನೂಲು ಇನ್ನೂ ನಾಲ್ಕು ಸುತ್ತು ಉಳಿದಿತ್ತು.

“ಇದು ಯಾರ್ದು ತಾತ?”

“ನಂದೇ,” ಎಂದೆ.

ಅದು ನನ್ನದಲ್ಲ.

ನಾನೀಗ ಚಳ್ಳಕೆರೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಡಿಗ್ರಿ ಓದುತ್ತಾಳೆ, ಚೆನ್ನಾಗಿ ಚಿತ್ರ ಬರೆಯುತ್ತಾಳೆ, ಬಿಡುವಾದಾಗ ಅನಿಮೆ ನೋಡುತ್ತಾಳೆ. ಅನಿಮೆ ಎಂದರೆ ಜಪಾನಿನ ಕಾರ್ಟೂನ್ ಕತೆಗಳು. ಮಕ್ಕಳ ಆಟ ಅಂದುಕೊಂಡಿದ್ದೆ, ಅಲ್ಲ. ಆ ಮಧ್ಯಾಹ್ನ ಇಬ್ಬರೂ ಶೇಂಗಾ ಸುಲಿಯುತ್ತ ಕುಳಿತಿದ್ದೆವು. ಫೋನು ಚೊಂಬಿಗೆ ಒರಗಿತ್ತು. ಅದರಲ್ಲಿ ಬೆಟ್ಟದ ಮೇಲಿನ ಶಾಲೆಯೊಂದರಲ್ಲಿ ಇಬ್ಬರು ಹುಡುಗಿಯರು ಬಿಲ್ಲುವಿದ್ಯೆ ಕಲಿಯುತ್ತಿದ್ದರು. ಒಬ್ಬಳು ಹೊತ್ತಿಗೆ ಮುಂಚೆ ಎದ್ದು ಅಭ್ಯಾಸ ಮಾಡುವವಳು. ಇನ್ನೊಬ್ಬಳು ಮರದ ಕೆಳಗೆ ನಿದ್ದೆ ಹೊಡೆದು, ಕೆದರಿದ ಕೂದಲಲ್ಲೇ ಬಂದು, ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳಿ ಆಕಳಿಸುವವಳು. ಮೊಮ್ಮಗಳು ತನ್ನ ಪುಸ್ತಕದಲ್ಲಿ ಬರೆದಿದ್ದೆಲ್ಲ ಈ ಎರಡನೆಯವಳ ಚಿತ್ರವೇ.

“ಆ ಸೋಮಾರೀನೇ ಯಾಕೆ ನಿಂಗೆ ಇಷ್ಟ?” ಎಂದು ಕೇಳಿದೆ.

“ಹೀರೋಯಿನ್ ನಿನ್ ಥರ ತಾತ. ಐದಕ್ಕೆ ಏಳ್ತಾಳೆ, ಹಾಸಿಗೆ ಮಡಚ್ತಾಳೆ. ಮುಂದೇನ್ ಮಾಡ್ತಾಳೆ ಅಂತ ಮೊದ್ಲೇ ಗೊತ್ತಿರ್ತೈತೆ. ಇವಳದ್ದು ಗೊತ್ತಾಗಲ್ಲ. ಆದ್ರೆ ಇವಳು ಪಕ್ಕದಾಗೆ ಇಲ್ದಿದ್ರೆ ಅವಳು ಎದ್ದು ಕಾಣೋದೇ ಇಲ್ಲ. ಇವಳು ಶತ್ರು ಅಲ್ಲ ತಾತ, ಎದುರು ಬಣ್ಣ.”

ಅಷ್ಟರಲ್ಲಿ ಮೊದಲನೆಯವಳು ಪಂದ್ಯ ಗೆದ್ದಳು. ಜನ ಅವಳನ್ನು ಎತ್ತಿ ಕುಣಿದರು. ದೂರದಲ್ಲಿ ಇನ್ನೊಬ್ಬಳು ಬೆನ್ನು ತಿರುಗಿಸಿ, ನೆಲಕ್ಕೆ ಬಿದ್ದ ಬಾಣಗಳನ್ನು ಒಂದೊಂದಾಗಿ ಆಯುತ್ತಿದ್ದಳು. ಮೊಮ್ಮಗಳು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. “ಇಂಥೋರಿಗೆ ಯಾವಾಗ್ಲೂ ಹಿಂಗೇ. ಕತೆ ಇವರನ್ನ ಅಲ್ಲೇ ಬಿಟ್ಟು ಮುಂದಕ್ಕೆ ಹೋಗ್ತೈತೆ.”

ನಾನು ಎದ್ದು ಅಂಗಳಕ್ಕೆ ಹೋದೆ. ಅದು ನನ್ನ ವಾಕಿಂಗಿನ ಹೊತ್ತಾಗಿರಲಿಲ್ಲ...

ಮೊಳಕಾಲ್ಮೂರಿನಲ್ಲಿ ನಾನು ಸೀರೆ ನೇಯುತ್ತಿದ್ದೆ. ಮೂರು ಲಾಳಿಯ ಸೀರೆ: ಮೈಗೊಂದು, ಎರಡು ಅಂಚಿಗೆ ಒಂದೊಂದು. ಎರಡನ್ನು ನಾನು ನಡೆಸುತ್ತಿದ್ದೆ. ಎಡ ಅಂಚಿನ ಲಾಳಿ ನನ್ನ ಪಕ್ಕ ಕುಳಿತವರದ್ದು. ಅವರ ನೂಲು ಬಂದು ನನ್ನ ನೂಲಿಗೆ ಕೊಂಡಿ ಹಾಕಿ ಹಿಂತಿರುಗಬೇಕು. ಆಮೇಲೆಯೇ ನಾನು ನೂಲನ್ನು ಒತ್ತಿ ಕೂರಿಸುವ ಹಲಗೆ ಬಡಿಯಬೇಕು. ಹಾಗೆ ಕೂರಲು ಬರುತ್ತಿದ್ದವಳು ನಮ್ಮ ಹಿತ್ತಲಾಚೆಯ ಮನೆಯ ಅಕ್ಕ. ಒಂಟಿ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು. ಮನೆಮಾತು ತೆಲುಗು.

ಸೋದರಮಾವನ ಮಗ್ಗದಲ್ಲಿ ಕೆಲಸ ಕಲಿತವನು ನಾನು. ಆರಕ್ಕೆ ಮೊದಲ ಲಾಳಿ, ಒಂಬತ್ತಕ್ಕೆ ಮುದ್ದೆ, ಮಾತಿಲ್ಲ. ಅಕ್ಕ ಬರುತ್ತಿದ್ದದ್ದು ಏಳಕ್ಕೆ, ಕೆಲವೊಮ್ಮೆ ಎಂಟಕ್ಕೆ. ಅದೂ ದಾರಿಯಲ್ಲಿ ಸಿಕ್ಕವರ ಸುದ್ದಿಯನ್ನೆಲ್ಲ ಹೊತ್ತುಕೊಂಡು. ಲಾಳಿ ಸರಾಗವಾಗಿ ಓಡಲೆಂದು ಅದನ್ನು ಹರಳೆಣ್ಣೆ ಹಚ್ಚಿದ ತಲೆಗೆ ಉಜ್ಜುತ್ತಿದ್ದಳು. ರೇಷ್ಮೆಗೆ ಕಲೆಯಾಗುತ್ತದೆಂದು ನಾನು ರೇಗುತ್ತಿದ್ದೆ. ಒಂದು ದಿನವೂ ಕಲೆಯಾಗಲಿಲ್ಲ.

“ಎಂಟು ಗಂಟೆ ಆಯ್ತಕ್ಕ,” ಎಂದರೆ, “ಏಮಯ್ಯಾ, ಸೀರೆ ಉಡೋದು ಹೆಂಗಸ್ರೋ ನಿನ್ ಗಡಿಯಾರನೋ?” ಎನ್ನುತ್ತಿದ್ದಳು.

ಅವಳಿಗೊಂದು ಆಸೆ ಇತ್ತು. ತನ್ನದೇ ಒಂದು ಮಗ್ಗ. “ಆಗ ನೀನು ಬಂದು ನನ್ನ ಅಂಚಿಗೆ ಕೂತ್ಕೋ ತಮ್ಮ. ಲೇಟಾಗಿ ಬಂದ್ರೆ ನಾನೇನ್ ಬೈಯಲ್ಲ.”

ಒಮ್ಮೆ ದೊಡ್ಡ ಪ್ರದರ್ಶನಕ್ಕೆ ಸೀರೆ ಕಳಿಸುವ ಅವಕಾಶ ಬಂತು. ನಾನು ಪಾರಿವಾಳದ ಬಣ್ಣದ ಮೈ ಹಾಕಿದ್ದೆ; ಅಂಚಿಗೂ ಅದರದೇ ಗಾಢ ಛಾಯೆ ಎಂದು ಲೆಕ್ಕ ಹಾಕಿದ್ದೆ. ಅಕ್ಕ ಬದನೆ ಬಣ್ಣದ ನೂಲಿನ ಲಡಿ ತಂದು ಪಕ್ಕಕ್ಕೆ ಹಿಡಿದಳು. “ಅಂಚು ಮೈ ಜೊತೆ ಜಗಳ ಆಡ್ಬೇಕು ತಮ್ಮ. ಆವಾಗ್ಲೇ ಎರಡೂ ಕಾಣ್ತಾವೆ.” ಹಿಡಿದ ಕೂಡಲೇ ಸಪ್ಪೆ ಬೂದು ಬಣ್ಣಕ್ಕೆ ಜೀವ ಬಂದಿತ್ತು. ನಾನು ಹೊಗಳಲಿಲ್ಲ. ಸರಿ, ಹಾಕು ಎಂದೆ, ಅಷ್ಟೆ.

ಸೀರೆಯ ಜೊತೆ ಒಂದು ಫಾರಂ ತುಂಬಿ ಕೊಡಬೇಕಿತ್ತು. ನನ್ನ ಅಕ್ಷರ ದುಂಡಗೆ. ಯಾವ ಅಂಕಣವನ್ನೂ ಖಾಲಿ ಬಿಡುವವನಲ್ಲ. ಜೊತೆಗೆ ನೇಯ್ದವರ ಹೆಸರು ಎಂಬ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. ಎಳೆ ಎಣಿಸಿದವನು ನಾನು, ಹೊತ್ತಿಗೆ ಎದ್ದವನು ನಾನು ಎಂಬ ಗರ್ವವಿತ್ತು. ಇನ್ನೊಂದೂ ಇತ್ತು. ಮಗ್ಗವಿಲ್ಲದ ನೇಕಾರರಿಗೆ ಸರ್ಕಾರದವರು ಮಗ್ಗ ಕೊಡುತ್ತಾರೆ, ನೇಯುವವರೆಂದು ದಾಖಲೆ ಬೇಕು ಎಂಬ ಸುದ್ದಿ ಆಗಲೇ ಹಬ್ಬಿತ್ತು. ಅವಳಿಗೆ ಮಗ್ಗ ಬಂದರೆ ನನ್ನ ಅಂಚಿಗೆ ಯಾರು?

‘ಇಲ್ಲ’ ಎಂದು ಬರೆದೆ.

ಅಕ್ಕನಿಗೆ ಓದು ಬರುತ್ತಿರಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಫಾರಂ ಮೇಲೆ ಬಾಗಿದಳು. “ನನ್ ಹೆಸರು ಎಲ್ಲೈತೆ, ಬೆರಳಿಟ್ಟು ತೋರ್ಸು.”

ನಾನು ಬೆರಳಿಟ್ಟೆ. ಆ ‘ಇಲ್ಲ’ದ ಮೇಲೆಯೇ.

ಅವಳು ಅದನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. “ಇಷ್ಟೇ ಇಷ್ಟೈತಲ್ಲೋ ನನ್ ಹೆಸರು!” ಎಂದು ನಕ್ಕಳು.

ಸೀರೆಗೆ ಬಹುಮಾನ ಬಂತು. ಹಾರ ನನಗೆ. ಆ ಹೊತ್ತಿನಲ್ಲಿ ಅಕ್ಕ ಮಗ್ಗದ ಕೆಳಗೆ ಬಿದ್ದ ನೂಲಿನ ತುಂಡುಗಳನ್ನು ಆಯುತ್ತಿದ್ದಳು... ಎಲ್ಲರೂ ಅದೇ ಬದನೆ ಅಂಚು ಕೇಳತೊಡಗಿದರು. ನಾವು ಅದನ್ನೇ ನೇಯುತ್ತಿದ್ದೆವು. ಕೆಲವು ತಿಂಗಳ ಮೇಲೆ ಅವಳು ಮಗ್ಗಕ್ಕೆ ಅರ್ಜಿ ಹಾಕಲು ಹೋದಳು. ಬಹುಮಾನದ ಸೀರೆ ನೇಯ್ದವಳು ನಾನು, ಫಾರಮ್ಮಿನಲ್ಲಿ ನನ್ನ ಹೆಸರಿದೆ ಎಂದು ಹೇಳಿಕೊಂಡಳಂತೆ. ಕಚೇರಿಯವರು ಕಡತ ತೆಗೆದು ಓದಿ ಹೇಳಿದರಂತೆ.

ಮಾರನೆಯ ದಿನ ಅವಳು ಆರಕ್ಕೆ ಸರಿಯಾಗಿ ಬಂದಳು. ಮೊದಲ ಸಲ. ಇಡೀ ದಿನ ಮಾತಿಲ್ಲದೆ ಲಾಳಿ ಎಸೆದಳು. ನಾನು ಬಯಸಿದ್ದು ಅಂಥ ದಿನವನ್ನೇ. ಅಷ್ಟು ಭಯವಾದ ದಿನ ಮತ್ತೊಂದಿಲ್ಲ. ಸಂಜೆ ಎದ್ದಾಗ ಒಂದೇ ಮಾತು ಹೇಳಿದಳು: “ಮಗ್ಗ ಸಿಗದಿದ್ರೆ ಹೋಗ್ಲಿ. ಆವತ್ತು ಕಣ್ಣಿಗೊತ್ಕೊಂಡೆನಲ್ಲ ತಮ್ಮ... ಆವಾಗ್ಲಾದ್ರೂ ಹೇಳ್ಬಾರ್ದಿತ್ತಾ?”

ಲಾಳಿಯನ್ನು ಕಟ್ಟೆಯ ಮೇಲಿಟ್ಟು ಹೋದಳು. ಆ ವಾರವೇ ಗಡಿಯಾಚೆಯ ತಂಗಿಯ ಊರಿಗೆ ಹೊರಟುಹೋದಳೆಂದು ತಿಳಿಯಿತು. ನಾನು ಹೋಗಿ ಕರೆಯಲಿಲ್ಲ. ಬರೆದದ್ದನ್ನು ತಿದ್ದಿಸಿಕೊಡಲೂ ಇಲ್ಲ. ಬೇರೆಯವರನ್ನು ಪಕ್ಕ ಕೂರಿಸಿದೆ. ಯಾರ ಲಾಳಿಯೂ ನನ್ನ ಕಿವಿಗೆ ಹೊಂದಲಿಲ್ಲ. ಕೊನೆಗೆ ಒಂಟಿ ಲಾಳಿಯ ಸೀರೆಗೆ ಇಳಿದೆ. ಅದರಲ್ಲೂ ಹಲಗೆ ಬಡಿಯುವ ಮುನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಎಡಗಡೆಯ ಆ ಸದ್ದಿಗೆ ಕಾಯುತ್ತಿತ್ತು. ಈಗಲೂ ಬಟ್ಟೆ ಮಡಚುವಾಗ ಒಮ್ಮೊಮ್ಮೆ ಹಾಗೆ ನಿಲ್ಲುತ್ತದೆ.

ಬಹಳ ವರ್ಷಗಳ ಮೇಲೆ ಆ ತಂಗಿಯ ಊರಿಗೆ ಹೋದೆ. ಅಕ್ಕ ತೀರಿಕೊಂಡಿದ್ದಳು. ಅಲ್ಲಿ ನೇಯುತ್ತಿದ್ದಳೇ ಎಂದು ಕೇಳಿದೆ. “ಮಗ್ಗಮಾ?” ಎಂದು ಅವಳ ತಂಗಿ ನನ್ನನ್ನೇ ನೋಡಿದಳು. “ಆ ಮಾತೇ ಎತ್ತಿರ್ಲಿಲ್ಲ.”

ಮೊನ್ನೆ ಅಂಗಳದಿಂದ ಒಳಗೆ ಬಂದು ಇದೆಲ್ಲವನ್ನೂ ಮೊಮ್ಮಗಳಿಗೆ ಹೇಳಿದೆ. ಲಾಳಿ ನನ್ನದಲ್ಲ ಎಂಬುದರಿಂದಲೇ ಶುರು ಮಾಡಿದೆ. ಅವಳು ಪುಸ್ತಕ ತೆಗೆದು ಲಾಳಿಯ ಚಿತ್ರ ಬರೆದಳು, ಉಳಿದ ನಾಲ್ಕು ಸುತ್ತು ನೂಲಿನ ಸಮೇತ. ಆಮೇಲೆ ಕೇಳಿದಳು: “ಹೆಸರೇನು?”

ಹೇಳಿದೆ. ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಜಾಗದಲ್ಲಿ ಬರೆಯದವನು ಈಗ ಎಲ್ಲೆಲ್ಲೋ ಬರೆದರೆ ಅದು ನನ್ನ ನೆಮ್ಮದಿಗಷ್ಟೇ.

ಅವಳು ಚಿತ್ರದ ಕೆಳಗೆ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. “ಸರಿಯಾಗಿ ಬರ್ದೀನಾ ನೋಡು ತಾತ.”

ಓದಲು ಬೆರಳಿಟ್ಟೆ. ನಾಲ್ಕು ಅಕ್ಷರ. ಪೂರ್ತಿ ಹೆಸರೇ ಇತ್ತು. ಬಾಗಿ ನೋಡಬೇಕಾದವಳು ಎಡಗಡೆ ಇರಲಿಲ್ಲ.